ಆಪ್ತ ಗೆಳತಿಯರಲ್ಲ ಸ್ವಾಮಿ, ಸಂಸಾರ ಮಾಡಿದವರು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ 'ಜಂಟಲ್‌ಮನ್ ಜ್ಯಾಕ್' ಅನ್ನುವ ಇಂಗ್ಲಿಷ್ ಧಾರಾವಾಹಿ ಬಗ್ಗೆ ಬಂದ ಬರಹ ಓದಿದೆ. ಇಂಥದ್ದರ ಬಗ್ಗೆಯೂ ಬರೆಯುತ್ತೀರಲ್ಲ, ಅದಕ್ಕೆ ಮೊದಲು ಒಂದು ಥ್ಯಾಂಕ್ಸ್. ಆದರೆ ಅದರ ಇಬ್ಬರು ನಾಯಕಿಯರ ಫೋಟೊ ಅಡಿಯಲ್ಲಿ 'ಆಪ್ತ ಗೆಳತಿಯರು' ಅಂತ ಹಾಕಿದ್ದೀರಿ. ಬರಹದ ಕೊನೆಗೆ, ಹೆಣ್ಣು ಹೆಣ್ಣಿನ ಪ್ರೀತಿ ತೋರಿಸುವುದಾದರೆ ತೋರಿಸಲಿ, ಅದರಲ್ಲಿ ಹಳೇ ಪ್ರೇಮ, ದುಡ್ಡಿನ ಲೆಕ್ಕ, ಸುಳ್ಳು, ಜಗಳ ಇಷ್ಟೆಲ್ಲ ಕಗ್ಗಂಟು ಯಾಕೆ ಬೇಕಿತ್ತು ಅಂತ ಬೇರೆ ಕೇಳಿದ್ದೀರಿ. ಅದಕ್ಕೇ ಈ ಕಾಗದ.

ನಾನು ಸಿನಿಮಾ ವಿಮರ್ಶಕಿ ಅಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಇಪ್ಪತ್ತೆರಡು ವರ್ಷದಿಂದ ಪತ್ರ ಬರೆದು ಬದುಕುವವಳು. ಕ್ರಯಪತ್ರ, ಪಾಲುಪತ್ರ, ಹಕ್ಕು ಬಿಡುಗಡೆ, ದಾನಪತ್ರ, ಉಯಿಲು. ಮಗಳ ಲ್ಯಾಪ್‌ಟಾಪಿನಲ್ಲಿ ಈ ಧಾರಾವಾಹಿಯ ಎರಡೂ ಸೀಸನ್, ಒಟ್ಟು 16 ಕಂತು, ರಾತ್ರಿ ಊಟ ಆದಮೇಲೆ ಕೂತು ನೋಡಿದೆ. ನೀವು ಕಗ್ಗಂಟು ಅಂದದ್ದು ನನಗೆ ದಿನಾ ಟೇಬಲ್ಲಿನ ಮೇಲೆ ಬಂದು ಬೀಳುವ ಕೆಲಸ. ಆಸ್ತಿ ಇರುವ ಕಡೆ ಪ್ರೀತಿ ಸರಳವಾಗಿ ಇರುವುದನ್ನು ನಾನಂತೂ ಇನ್ನೂ ನೋಡಿಲ್ಲ.

ನೋಡದವರಿಗೆ ಕಥೆ ಚೂರು ಹೇಳುತ್ತೇನೆ. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಹ್ಯಾಲಿಫ್ಯಾಕ್ಸ್ ಅಂತ ಊರು. ಅಲ್ಲಿ ಶಿಬ್ಡನ್ ಹಾಲ್ ಅನ್ನುವ ಹಳೇ ಮನೆ, ಜಮೀನು, ನೆಲದಡಿ ಕಲ್ಲಿದ್ದಲು. ಅದರ ಒಡತಿ ಆನ್ ಲಿಸ್ಟರ್, ಹುಟ್ಟಿದ್ದು 1791ರಲ್ಲಿ. ಸದಾ ಕಪ್ಪು ಬಟ್ಟೆ, ಬಿರುಸು ನಡಿಗೆ, ಒಕ್ಕಲುಗಳಿಂದ ಗೇಣಿ ವಸೂಲಿ ಮಾಡುವುದೂ ತಾನೇ. ಅವಳು ಬರೆದಿಟ್ಟ ದಿನಚರಿ ಸುಮಾರು 50 ಲಕ್ಷ ಪದ. ಅದರಲ್ಲಿ ಆರರಲ್ಲಿ ಒಂದು ಪಾಲು ಗುಪ್ತ ಲಿಪಿಯಲ್ಲಿ, ಗ್ರೀಕ್ ಅಕ್ಷರ ಮತ್ತು ಬೀಜಗಣಿತದ ಚಿಹ್ನೆ ಬೆರೆಸಿ ತಾನೇ ಮಾಡಿಕೊಂಡದ್ದು. ತಾನು ಪ್ರೀತಿಸಿದ ಹೆಂಗಸರ ವಿಷಯವೆಲ್ಲ ಆ ಲಿಪಿಯಲ್ಲೇ. ಅವಳು ಸತ್ತು ಐವತ್ತು ವರ್ಷದ ಮೇಲೆ ಅದೇ ಮನೆತನದ ಜಾನ್ ಲಿಸ್ಟರ್, ಸ್ನೇಹಿತನ ಜೊತೆ ಕೂತು ಲಿಪಿ ಬಿಡಿಸಿದ. ಒಳಗಿರುವುದನ್ನು ಓದಿ ಆ ಸ್ನೇಹಿತ ಸುಟ್ಟು ಹಾಕು ಅಂದನಂತೆ. ಪುಣ್ಯಾತ್ಮ ಜಾನ್ ಸುಡಲಿಲ್ಲ, ಗೋಡೆಯ ಹಲಗೆ ಹಿಂದೆ ಬಚ್ಚಿಟ್ಟ. ಆ ದಿನಚರಿಯಿಂದಲೇ, ಆ ಸೀಮೆಯಲ್ಲೇ ಬೆಳೆದ ಸ್ಯಾಲಿ ವೇನ್‌ರೈಟ್ ಈ ಧಾರಾವಾಹಿ ಕಟ್ಟಿದ್ದು. ಅಂದರೆ ನೀವು ಮಸಾಲೆ ಅಂದುಕೊಂಡ ಸುಳ್ಳು, ಹಟ, ದುಡ್ಡಿನ ಲೆಕ್ಕ ಎಲ್ಲಕ್ಕೂ ಬೇರು ಅವಳ ಕೈಬರಹದಲ್ಲೇ ಇದೆ.

ಈಗ ಹಳೇ ಪ್ರೇಮದ ವಿಷಯ. ಮರಿಯಾನಾ ಅಂತ ಒಬ್ಬಳು. ಲಿಸ್ಟರ್‌ಳ ಜೀವ ಅವಳು. ಆದರೆ 1816ರಲ್ಲಿ ಅವಳು ಚಾರ್ಲ್ಸ್ ಲಾಟನ್ ಅನ್ನುವ ವಯಸ್ಸಾದ ಶ್ರೀಮಂತನನ್ನು ಮದುವೆಯಾದಳು. ಇವತ್ತಲ್ಲ ನಾಳೆ ಆತ ಹೋಗುತ್ತಾನೆ, ಆಮೇಲೆ ನಾವಿಬ್ಬರೂ ಒಟ್ಟಿಗೆ ಇರೋಣ ಅಂತ ಲೆಕ್ಕ. ಧಾರಾವಾಹಿ ಶುರುವಾಗುವುದು 1832ರಲ್ಲಿ. ಹದಿನಾರು ವರ್ಷ ಆಗಿದೆ, ಆತ ಗಟ್ಟಿಮುಟ್ಟಾಗಿದ್ದಾನೆ! ಇದನ್ನು ನೋಡಿ ನನಗೆ ನಗು ಬಂತು, ಆಮೇಲೆ ಬೇಜಾರೂ ಆಯಿತು. ಇನ್ನೊಬ್ಬರ ಸಾವಿಗೆ ಕಾಯುತ್ತ ಕೂತ ಪ್ರೀತಿ ಕೊಳೆಯದೆ ಇನ್ನೇನಾಗುತ್ತೆ. ಮರಿಯಾನಾ ಕೆಟ್ಟವಳು ಅಂತಲೂ ಹೇಳೋಕಾಗಲ್ಲ. ಸ್ವಂತ ಆಸ್ತಿ ಇಲ್ಲದ ಹೆಣ್ಣುಮಗಳು ಆ ಕಾಲದಲ್ಲಿ ಬೇರೆ ಏನು ಮಾಡಬೇಕಿತ್ತು? ಆದರೂ ಲಿಸ್ಟರ್ ಬೇರೆ ಕಡೆ ಮನಸ್ಸು ಇಟ್ಟಳು ಅಂತ ಗೊತ್ತಾದ ಕೂಡಲೇ ಹಗ್ಗ ಜಗ್ಗೋಕೆ ಬರುತ್ತಾಳಲ್ಲ, ಅದಕ್ಕೆ ಮಾತ್ರ ಸಿಟ್ಟು ಬಂತು.

ಬೇರೆ ಕಡೆ ಅಂದರೆ ಪಕ್ಕದ ಜಮೀನಿನ ಆನ್ ವಾಕರ್. ಅಪ್ಪ ಅಮ್ಮ ಇಲ್ಲ, ತುಂಬಾ ಆಸ್ತಿ, ತುಂಬಾ ಭಯ. ದೇವರು ಶಿಕ್ಷೆ ಕೊಡುತ್ತಾನೆ ಅನ್ನುವ ಭಯ, ನೆಂಟರ ಭಯ, ತನ್ನದೇ ತಲೆಯೊಳಗಿನ ಭಯ. ಲಿಸ್ಟರ್ ಮೊದಲು ಅವಳ ಹತ್ತಿರ ಹೋದದ್ದು ಬರೀ ಪ್ರೀತಿಯಿಂದ ಅಲ್ಲ, ದುಡ್ಡಿನ ಮೇಲೂ ಕಣ್ಣಿತ್ತು. ಕಲ್ಲಿದ್ದಲ ಗುಂಡಿ ತೋಡಬೇಕು, ಅದಕ್ಕೆ ಬಂಡವಾಳ ಬೇಕು. ಧಾರಾವಾಹಿ ಇದನ್ನು ಮುಚ್ಚಿಡುವುದಿಲ್ಲ. ಲಿಸ್ಟರ್ ನಡುನಡುವೆ ಕ್ಯಾಮೆರಾ ಕಡೆ ತಿರುಗಿ ನಮ್ಮನ್ನೇ ನೋಡಿ ಮಾತಾಡುತ್ತಾಳೆ, ಏನೋ ಕದ್ದ ಹುಡುಗಿ ಕಿಟಕಿಯಿಂದ ಪಕ್ಕದ ಮನೆಯವರಿಗೆ ಕಣ್ಣು ಹೊಡೆದ ಹಾಗೆ. ಆಮೇಲಾಮೇಲೆ ಆ ಲೆಕ್ಕಾಚಾರದ ಮುಖ ಸಡಿಲವಾಗುತ್ತ ಹೋಗುವುದಿದೆಯಲ್ಲ, ಲಿಸ್ಟರ್ ಪಾತ್ರ ಮಾಡಿದ ಸುರಾನ್ ಜೋನ್ಸ್ ಅದನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆ ಅಂದರೆ, ಯಾವ ಕಂತಿನಲ್ಲಿ ಲೆಕ್ಕ ಮುಗಿದು ಪ್ರೀತಿ ಶುರುವಾಯಿತು ಅಂತ ನನಗಂತೂ ಹೇಳೋಕೆ ಬರಲ್ಲ.

ನಿಮ್ಮ ಬರಹದಲ್ಲಿ ಪೂರ್ತಿ ಬಿಟ್ಟುಹೋದದ್ದು ಕಾನೂನಿನ ವಿಷಯ. ಆಗ ಇಂಗ್ಲೆಂಡಿನಲ್ಲಿ ಹೆಣ್ಣು ಮದುವೆಯಾದರೆ ಅವಳ ಆಸ್ತಿಯ ಹಿಡಿತ ಗಂಡನ ಕೈಗೆ. ಅದು ಸರಿಹೋದದ್ದು 1882ರ ಕಾಯ್ದೆ ಬಂದಮೇಲೆ. ವಾಕರ್‌ಳ ಅಕ್ಕ ಸ್ಕಾಟ್ಲೆಂಡಿಗೆ ಮದುವೆಯಾಗಿ ಹೋಗಿದ್ದಾಳೆ, ಅವಳ ಅರ್ಧ ಪಾಲಿನ ಯಜಮಾನಿಕೆ ಈಗ ಅವಳ ಗಂಡ ಕ್ಯಾಪ್ಟನ್ ಸದರ್‌ಲ್ಯಾಂಡ್‌ನದು. ಇನ್ನರ್ಧ ವಾಕರ್‌ಳದಾಗಿಯೇ ಉಳಿದಿರುವುದು ಅವಳು ಯಾವ ಗಂಡಸನ್ನೂ ಮದುವೆಯಾಗಿಲ್ಲ ಅನ್ನುವ ಒಂದೇ ಕಾರಣಕ್ಕೆ. ಹಾಗಾಗಿ ಭಾವನಿಗೆ ಈ 'ಗೆಳತಿ' ಕಂಡರೆ ಯಾಕೆ ಆಗುವುದಿಲ್ಲ ಅಂತ ಯೋಚನೆ ಮಾಡಿ. ನೀತಿ ಗೀತಿ ಎಲ್ಲ ಆಮೇಲೆ, ಮೊದಲು ಜಮೀನು. ಎರಡನೇ ಸೀಸನ್ನಿನಲ್ಲಿ ಅಕ್ಕ ತಂಗಿ ಆಸ್ತಿ ಪಾಲು ಮಾಡಿಕೊಳ್ಳುವ ಭಾಗ ನಿಮಗೆ ಬೋರು ಆಯಿತಂತೆ. ನಾನು ಅದನ್ನು ಎರಡು ಸಲ ನೋಡಿದೆ. ಪ್ರೀತಿಸಿದವಳು ಪಕ್ಕ ನಿಂತು ನಿನ್ನ ಪಾಲು ಕೇಳು, ಗಟ್ಟಿಯಾಗಿ ಕೇಳು ಅನ್ನುವಾಗ, ಅವಳು ನನ್ನ ಒಳ್ಳೆಯದಕ್ಕೆ ಹೇಳುತ್ತಿದ್ದಾಳೋ ತನ್ನ ಕಲ್ಲಿದ್ದಲ ಗುಂಡಿಗೆ ದುಡ್ಡು ಬೇಕು ಅಂತ ಹೇಳುತ್ತಿದ್ದಾಳೋ ಅನ್ನುವ ಅನುಮಾನ ಒಂದು ಕ್ಷಣ ಬಂದೇ ಬರುತ್ತೆ. ಇದು ಗಂಡ ಹೆಂಡತಿ ನಡುವೆ ಇಲ್ವಾ?

1834ರ ಈಸ್ಟರ್ ದಿನ ಇಬ್ಬರೂ ಯಾರ್ಕ್ ಪಟ್ಟಣದ ಗುಡ್‌ರಮ್‌ಗೇಟ್ ಬೀದಿಯ ಹೋಲಿ ಟ್ರಿನಿಟಿ ಚರ್ಚಿಗೆ ಹೋಗಿ ಒಟ್ಟಿಗೆ ಪ್ರಸಾದ ತೆಗೆದುಕೊಂಡರು. ಪಾದ್ರಿಗೆ ಗೊತ್ತಿಲ್ಲ, ಪಕ್ಕದವರಿಗೆ ಗೊತ್ತಿಲ್ಲ. ಅವರಿಬ್ಬರಿಗೆ ಅದೇ ಮದುವೆ. ಮೊದಲ ಸೀಸನ್ ಮುಗಿಯುವುದು ಅಲ್ಲೇ. ಮೇಳ ಇಲ್ಲ, ಅಕ್ಷತೆ ಇಲ್ಲ, ಬೆರಳಲ್ಲಿ ಉಂಗುರ, ಅಷ್ಟೆ. ಆ ಚರ್ಚಿನ ಗೋಡೆಗೆ 2018ರಲ್ಲಿ ಒಂದು ಫಲಕ ಹಾಕಿದರು, ಅದರಲ್ಲಿ 'ಲೆಸ್ಬಿಯನ್' ಅನ್ನುವ ಮಾತೇ ಇರಲಿಲ್ಲ, ಏನೋ ಸುತ್ತಿ ಬಳಸಿ ಬರೆದಿದ್ದರು. ಜನ ತಕರಾರು ತೆಗೆದರು. ಮರುವರ್ಷ ಫಲಕವನ್ನೇ ಬದಲಾಯಿಸಿ ಆ ಮಾತು ಸೇರಿಸಿದರು. ಕಲ್ಲುಗೋಡೆಗೆ ಮೊಳೆ ಹೊಡೆದು ಹಾಕಿದ್ದನ್ನೇ ಕಿತ್ತು ಬದಲಾಯಿಸಿದ್ದಾರೆ, ನಿಮ್ಮದು ಫೋಟೊ ಅಡಿಯ ಎರಡು ಪದ.

ಚರ್ಚಿನ ಮದುವೆಗೆ ಕಾನೂನಿನ ಬೆಲೆ ಇಲ್ಲವಲ್ಲ, ಅದಕ್ಕೇ ಅವರು ಉಯಿಲು ಬರೆದರು. ನಾನು ಸತ್ತರೆ ನೀನು ಬದುಕಿರುವ ತನಕ ನನ್ನ ಮನೆ ನಿನ್ನದು, ನೀನು ಸತ್ತರೆ ನಿನ್ನದು ನನಗೆ. ನಾವು ಜೀವಿತಾವಧಿ ಹಕ್ಕು ಅಂತ ಬರೆಯುತ್ತೇವಲ್ಲ, ಅದೇ. ಆಮೇಲೆ ಆದದ್ದು ಧಾರಾವಾಹಿಯಲ್ಲಿ ಇಲ್ಲ, ಎರಡನೇ ಸೀಸನ್ ಆದಮೇಲೆ 2022ರಲ್ಲಿ ಅದನ್ನು ನಿಲ್ಲಿಸಿಬಿಟ್ಟರು. ಲಿಸ್ಟರ್ 1840ರಲ್ಲಿ, ಇಬ್ಬರೂ ಒಟ್ಟಿಗೆ ಪ್ರವಾಸ ಹೋಗಿದ್ದಾಗ, ಈಗಿನ ಜಾರ್ಜಿಯಾ ದೇಶದ ಕುಟೈಸಿಯಲ್ಲಿ ಜ್ವರ ಬಂದು ತೀರಿಕೊಂಡಳು. ನೆರಳಿಗೂ ಹೆದರುತ್ತಿದ್ದ ವಾಕರ್ ಆ ಶವವನ್ನು ಬಿಟ್ಟು ಬರಲಿಲ್ಲ. ಹ್ಯಾಲಿಫ್ಯಾಕ್ಸಿಗೆ ತಂದು ಮಣ್ಣು ಮಾಡುವ ಹೊತ್ತಿಗೆ ಏಳು ತಿಂಗಳು. ಉಯಿಲಿನ ಪ್ರಕಾರ ಶಿಬ್ಡನ್ ಹಾಲ್‌ನಲ್ಲಿ ಇದ್ದಳು. ಎಷ್ಟು ದಿನ? 1843ರಲ್ಲಿ ಬುದ್ಧಿ ಸ್ಥಿಮಿತ ಇಲ್ಲ ಅಂತ ಅವಳನ್ನು ಆ ಮನೆಯಿಂದ ಎಬ್ಬಿಸಿಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದರು. ಉಯಿಲು ಸರಿಯಾಗಿಯೇ ಇತ್ತು ಸ್ವಾಮಿ. ನೆಂಟರ ಕೈ ಉದ್ದ ಇತ್ತು.

ನಾಲ್ಕು ವರ್ಷದ ಹಿಂದೆ ನನ್ನ ಹತ್ತಿರ ಇಬ್ಬರು ಹೆಂಗಸರು ಬಂದರು. ಒಬ್ಬರು ಟೀಚರು, ಇನ್ನೊಬ್ಬರದು ಟೈಲರಿಂಗ್ ಅಂಗಡಿ. ಒಂದು ಸೈಟು, ಅದರ ಮೇಲೆ ಇಬ್ಬರೂ ಸೇರಿ ಕಟ್ಟಿಸಿದ ಮನೆ, ಒಬ್ಬರ ಮೇಲೊಬ್ಬರಿಗೆ ಉಯಿಲು ಮಾಡಿಸಬೇಕು. ಮೇಡಂ, ಸ್ಟಾಂಪ್ ಎಷ್ಟಾಗುತ್ತೆ ಅಂದರು. ಉಯಿಲಿಗೆ ಸ್ಟಾಂಪ್ ಬೇಡಮ್ಮ, ಬಿಳಿ ಹಾಳೆ ಸಾಕು, ಇಬ್ಬರು ಸಾಕ್ಷಿ ಬೇಕು ಅಂದೆ. ಸಾಕ್ಷಿಗೆ ಯಾರೂ ಇಲ್ಲ ಅಂತ ಇಬ್ಬರೂ ಮುಖ ಮುಖ ನೋಡಿಕೊಂಡರು. ಟೈಪು ಮಾಡುತ್ತ ಇವರು ನಿಮಗೆ ಏನಾಗಬೇಕು ಅಂತ ಕೇಳಿದೆ, ಅದು ಕೇಳಲೇಬೇಕು. ಟೀಚರು ನೆಲ ನೋಡುತ್ತ 'ಸ್ನೇಹಿತೆ ಅಂತ ಹಾಕಿ' ಅಂದರು. ಹಾಕಿದೆ. ಆರು ತಿಂಗಳಾದ ಮೇಲೆ ಟೀಚರು ಒಬ್ಬರೇ ಬಂದು ಅದನ್ನು ರದ್ದು ಮಾಡಿ ಅಂದರು, ಕಣ್ಣು ಊದಿತ್ತು. ಇನ್ನೊಂದು ತಿಂಗಳಿಗೆ ಇಬ್ಬರೂ ಬಂದರು, ಮೊದಲಿನ ಹಾಗೇ ಬರೆದುಕೊಡಿ ಅಂತ. ನಾನು ಫೀಸು ಪೂರ್ತಿ ತೆಗೆದುಕೊಂಡೆ, ಅದೇನು ಬಿಡಲಿಲ್ಲ. ಇಂಥ ಜೋಡಿಗಳಿಗೆ ಮದುವೆಯ ಹಕ್ಕು ಕೊಡುವುದು ನಮ್ಮ ಕೆಲಸ ಅಲ್ಲ ಅಂತ ಸುಪ್ರೀಂ ಕೋರ್ಟು 2023ರ ಅಕ್ಟೋಬರ್ 17ರಂದು ಹೇಳಿತಲ್ಲ, ಆವತ್ತು ನನಗೆ ನೆನಪಾದದ್ದು ಆ ಬಿಳಿ ಹಾಳೆ. ಒಬ್ಬರು ಸತ್ತರೆ ಇನ್ನೊಬ್ಬರಿಗೆ ಅದೊಂದೇ ಆಧಾರ.

ಹಾಗಾಗಿ ಜಗಳ ಯಾಕೆ, ದುಡ್ಡಿನ ಮಾತು ಯಾಕೆ ಅಂತ ದಯವಿಟ್ಟು ಕೇಳಬೇಡಿ. ಈ ಪ್ರೀತಿ ತೋರಿಸುವಾಗ ಅದು ತುಳಸಿಕಟ್ಟೆ ದೀಪದ ಹಾಗೆ ಇದ್ದರೆ ಮಾತ್ರ ನಿಮಗೆ ಓಕೆ, ನಮ್ಮ ಮನೆಗಳ ಹಾಗೆ ಕೂಗಾಟ, ಅನುಮಾನ, ಮತ್ತೆ ರಾಜಿ ಇದ್ದರೆ ಕಗ್ಗಂಟು ಅನ್ನುವುದು ಸರಿಯಲ್ಲ. ನಿಮ್ಮದೇ ಪತ್ರಿಕೆಯಲ್ಲಿ ಗಂಡು ಹೆಣ್ಣಿನ ಧಾರಾವಾಹಿ ಬಗ್ಗೆ ಬರೆಯುವಾಗ ಹೀಗೆ ಕೇಳಿದ್ದನ್ನು ನಾನು ನೋಡಿಲ್ಲ.

ಎರಡನೇ ಸೀಸನ್ ಬಗ್ಗೆ ಮುಂದಿನ ವಾರ ಇನ್ನೂ ವಿವರವಾಗಿ ಬರೆಯುವುದಾಗಿ ಹಾಕಿದ್ದೀರಿ. ಫೋಟೊ ಅದೇ ಇರಲಿ, ಚೆನ್ನಾಗಿದೆ. ಅಡಿಯಲ್ಲಿ 'ಆನ್ ಲಿಸ್ಟರ್ ಮತ್ತು ಅವಳ ಹೆಂಡತಿ ಆನ್ ವಾಕರ್' ಅಂತ ಹಾಕಿ. ಜಾಗ ಸಾಲದಿದ್ದರೆ ಬರೀ ಹೆಸರು ಹಾಕಿದರೂ ನಡೆಯುತ್ತೆ.

ಇಂತಿ,
ಹಳೇ ಓದುಗಿ
ದಾವಣಗೆರೆ