‘ಗೆಟ್’ ಎಂದರೆ ‘ಪಡೆ’ ಎಂದು ಬರೆಸಬೇಡಿ

ಮಾನ್ಯ ಸಂಪಾದಕರೇ,

ಪರೀಕ್ಷೆ ಹತ್ತಿರ ಬಂತೆಂದರೆ ಪತ್ರಿಕೆಗಳ ವಿದ್ಯಾರ್ಥಿ ಪುಟಗಳಲ್ಲಿ, ಪೇಟೆಯ ಗೈಡುಗಳಲ್ಲಿ, ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ನೋಟ್ಸುಗಳಲ್ಲಿ ಇಂಗ್ಲಿಷ್ ಶಬ್ದಾರ್ಥದ ಪಟ್ಟಿಗಳು ಬರತೊಡಗುತ್ತವೆ. ಎಡಗಡೆ ಇಂಗ್ಲಿಷ್ ಪದ, ನಡುವೆ ಗೆರೆ, ಬಲಗಡೆ ಕನ್ನಡದ ಒಂದೇ ಒಂದು ಪದ. ‘ಎಲಿಫೆಂಟ್ – ಆನೆ’ ಎನ್ನುವಾಗ ಈ ಕ್ರಮದಿಂದ ತೊಂದರೆಯೇನಿಲ್ಲ. ಅದೇ ಪಟ್ಟಿಯಲ್ಲಿ ಕೆಳಗೆ ‘ಗೆಟ್ – ಪಡೆ’ ಎಂದೂ ಇರುತ್ತದೆ. ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷಿನಲ್ಲಿ ಎಡವುವುದು ಇಂಥ ಸಾಲುಗಳಿಂದ. ಆನೆಯನ್ನು ಮಗು ವರ್ಷಕ್ಕೊಮ್ಮೆ ಬರೆದೀತು, ‘ಗೆಟ್’ ಬರುವುದು ದಿನಕ್ಕೆ ಹತ್ತು ಸಲ.

‘ಪಡೆ’ ನಾವೇ ಮಾತಿನಲ್ಲಿ ಅಪರೂಪಕ್ಕೆ ಬಳಸುವ ಪದ. ಬಹುಮಾನ ಪಡೆದರು, ಪದವಿ ಪಡೆದರು ಎಂದು ವರದಿಯಲ್ಲಿ ಬರೆಯುತ್ತೇವೆ. ಮನೆಯಲ್ಲಿ ಯಾರೂ ಜ್ವರ ಪಡೆಯುವುದಿಲ್ಲ, ಜ್ವರ ಬರುತ್ತದೆ. ಬಸ್ಸು ಪಡೆಯುವುದಿಲ್ಲ, ಸಿಗುತ್ತದೆ. ಮಳೆಯಲ್ಲಿ ಒದ್ದೆ ಪಡೆಯುವುದಿಲ್ಲ, ಒದ್ದೆಯಾಗುತ್ತೇವೆ. ಇಂಗ್ಲಿಷಿನಲ್ಲಿ ಈ ಮೂರಕ್ಕೂ ‘ಗೆಟ್’ ಸಾಕು. ‘ಹೀ ಗಾಟ್ ವೆಟ್’ ಎಂಬ ವಾಕ್ಯಕ್ಕೆ ಮಗು ‘ಅವನು ಒದ್ದೆಯನ್ನು ಪಡೆದನು’ ಎಂದು ಅರ್ಥ ಬರೆದರೆ ತಪ್ಪು ಮಗುವಿನದಲ್ಲ. ಪಟ್ಟಿ ಹೇಳಿಕೊಟ್ಟಿದ್ದನ್ನೇ ಅದು ಬರೆದಿದೆ.

ಹಾಗೆಂದು ಶಬ್ದಕೋಶದಲ್ಲಿರುವ ಹತ್ತಾರು ಅರ್ಥಗಳನ್ನೆಲ್ಲ ಬಾಯಿಪಾಠ ಮಾಡಿಸಿದರೂ ಉಪಯೋಗವಿಲ್ಲ. ‘ಗೆಟ್’ನ ಅರ್ಥವನ್ನು ಅದರ ಮುಂದೆ ಕೂತ ಪದ ಹೇಳಿಬಿಡುತ್ತದೆ. ಮುಂದಿರುವುದು ವಸ್ತುವೋ, ಗುಣವೋ, ಊರೋ, ವ್ಯಕ್ತಿಯೋ ಎಂದು ನೋಡುವ ಅಭ್ಯಾಸ ಮಾಡಿಸಿದರೆ ಐದನೇ ತರಗತಿಯ ಮಗುವೂ ಅರ್ಥ ಹಿಡಿಯಬಲ್ಲದು.

ಗುಣವಾಚಕ ಬಂದರೆ ಕನ್ನಡದ ‘ಆಗು’. ಗಾಟ್ ವೆಟ್ ಎಂದರೆ ಒದ್ದೆಯಾಯ್ತು, ಗಾಟ್ ಲೇಟ್ ಎಂದರೆ ತಡವಾಯ್ತು, ಗೆಟಿಂಗ್ ಡಾರ್ಕ್ ಎಂದರೆ ಕತ್ತಲಾಗ್ತಾ ಇದೆ. ‘ದ ಕ್ಲೋತ್ಸ್ ಆರ್ ವೆಟ್’ ಎಂದರೆ ಬಟ್ಟೆ ಒದ್ದೆ ಇದೆ, ‘ಗಾಟ್ ವೆಟ್’ ಎಂದರೆ ಒಣಗಿದ್ದದ್ದು ಒದ್ದೆಯಾಯ್ತು. ಈ ವ್ಯತ್ಯಾಸ ಕನ್ನಡದ ಮಗುವಿಗೆ ಮೊದಲೇ ಗೊತ್ತು. ಆದರೆ ಇಲ್ಲೊಂದು ಹೊಂಡವಿದೆ, ಅದನ್ನು ತೋರಿಸಿಯೇ ಮುಂದೆ ಹೋಗಬೇಕು. ಕನ್ನಡದ ‘ಆಗು’ ಗುಣಕ್ಕೂ ಸರಿ, ನಾಮಪದಕ್ಕೂ ಸರಿ: ದಪ್ಪ ಆದಳು, ಟೀಚರ್ ಆದಳು. ಇಂಗ್ಲಿಷಿನ ‘ಗೆಟ್’ ನಾಮಪದದ ಜೊತೆ ಬಂದರೆ ‘ಆಗು’ ಎಂಬ ಅರ್ಥ ಕೊಡುವುದೇ ಇಲ್ಲ. ‘ಶೀ ಗಾಟ್ ಎ ಟೀಚರ್’ ಎಂದರೆ ಅವಳಿಗೆ ಒಬ್ಬರು ಟೀಚರ್ ಸಿಕ್ಕರು ಎಂದಾಗುತ್ತದೆ. ಅವಳೇ ಟೀಚರ್ ಆದಳು ಎನ್ನಲು ‘ಬಿಕೇಮ್’ ಬೇಕು. ಇನ್ನು ಮೀನು ಹಾಳಾಯ್ತು ಎನ್ನುವಲ್ಲಿ ‘ಗಾಟ್ ಬ್ಯಾಡ್’ ಅಲ್ಲ, ‘ವೆಂಟ್ ಬ್ಯಾಡ್’. ಹಾಲು ಹುಳಿಯಾದರೂ ಕೂದಲು ನರೆತರೂ ‘ಗೋ’ ಎಂಬ ಕ್ರಿಯಾಪದವೇ ಬರುತ್ತದೆ.

ಇದೇ ಹೊಂಡಕ್ಕೆ ಬೀಳುವ ಇನ್ನೊಂದು ಭಾಷೆಯವರಿದ್ದಾರೆ, ಟರ್ಕಿ ದೇಶದವರು. ನಮ್ಮ ಶಿರಸಿ ಕಡೆಯ ಶಾಲೆಗಳ ಮಾತಿನ ನಡುವೆ ಟರ್ಕಿ ಏಕೆ ಬಂತು ಎನ್ನಬೇಡಿ. ಟರ್ಕಿಶ್ ಭಾಷೆಯಲ್ಲೂ ಕನ್ನಡದಂತೆ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಪದದ ಬಾಲಕ್ಕೆ ಪ್ರತ್ಯಯದ ಮೇಲೆ ಪ್ರತ್ಯಯ ಅಂಟುತ್ತದೆ. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ಎಂಬ ಪಾದ್ರಿ ದ್ರಾವಿಡ ಭಾಷೆಗಳ ವ್ಯಾಕರಣ ಬರೆಯುವಾಗ ಈ ಹೋಲಿಕೆಯನ್ನು ನೋಡಿಯೇ ಎರಡಕ್ಕೂ ನಂಟು ಹುಡುಕಿದ್ದರು. ಇಂದಿನ ಭಾಷಾಶಾಸ್ತ್ರಜ್ಞರು ಆ ನಂಟನ್ನು ಒಪ್ಪುವುದಿಲ್ಲ. ನಂಟಿಲ್ಲದಿದ್ದರೂ ಇಂಗ್ಲಿಷ್ ಕಲಿಯುವಾಗ ಅವರು ಎಡವುವ ಕಲ್ಲಿಗೇ ನಾವೂ ಎಡವುತ್ತೇವೆ.

ಅವರ ‘ಒಲ್‌ಮಾಕ್’ ನಮ್ಮ ‘ಆಗು’ವಿನ ಹಾಗೆ: ಶ್ರೀಮಂತ ಆಗುವುದಕ್ಕೂ ಅದೇ, ಶಿಕ್ಷಕ ಆಗುವುದಕ್ಕೂ ಅದೇ. ಅವರಲ್ಲಿ ‘ಹಸ್ತಾ’ ಎಂದರೆ ಕಾಯಿಲೆಯವನು, ಅದಕ್ಕೆ ‘ಲಾನ್’ ಸೇರಿಸಿ ‘ಹಸ್ತಾಲಾನ್‌ಮಾಕ್’ ಎಂದರೆ ಕಾಯಿಲೆ ಬೀಳುವುದು. ಇಂಗ್ಲಿಷಿನಲ್ಲಿ ಇದೇ ‘ಗೆಟ್ ಸಿಕ್’. ‘ಎವ್’ ಎಂದರೆ ಮನೆ, ‘ಎವ್‌ಲೆನ್‌ಮೆಕ್’ ಎಂದರೆ ಮದುವೆಯಾಗುವುದು, ಇಂಗ್ಲಿಷಿನ ‘ಗೆಟ್ ಮ್ಯಾರೀಡ್’. ಮದುವೆಯಾದವನನ್ನು ನಾವು ಗೃಹಸ್ಥ ಎನ್ನುತ್ತೇವಲ್ಲ, ಹಾಗೆ. ಇಂಗ್ಲಿಷಿನ ‘ಗೆಟ್’ ಬಿಡಿ ಪದವಾಗಿ ನಿಂತು ಮಾಡುವ ಕೆಲಸವನ್ನು ಅವರ ಪ್ರತ್ಯಯ ಪದದೊಳಗೇ ಸೇರಿಕೊಂಡು ಮಾಡುತ್ತದೆ. ಅವರ ಭಾಷೆಯಲ್ಲಿ ‘ಪಡೆ’ಗೆ ಸಮನಾದದ್ದು ‘ಆಲ್‌ಮಾಕ್’. ‘ಗೆಟ್ – ಆಲ್‌ಮಾಕ್’ ಎಂದು ಕಲಿತ ಟರ್ಕಿಯ ಹುಡುಗನಿಗೆ ಕಾಗದ ಬಂದದ್ದು, ಸಾಮಾನು ಕೊಂಡದ್ದು ಅರ್ಥವಾಗುತ್ತದೆ. ಒದ್ದೆಯಾದದ್ದು ಅರ್ಥವಾಗುವುದಿಲ್ಲ. ಅವರ ಭಾಷೆಯಲ್ಲಿ ‘ಗೆತಿರ್’ ಎಂದೂ ಒಂದು ಪದವಿದೆ, ಅರ್ಥ ‘ತಾ’. ಕಿವಿಗೆ ‘ಗೆಟ್’ನಂತೆ ಕೇಳಿಸಿದರೂ ಎರಡಕ್ಕೂ ಸಂಬಂಧವಿಲ್ಲ. ‘ಗೆಟ್’ ಇಂಗ್ಲಿಷಿಗೆ ಬಂದದ್ದು ಹಳೆಯ ನಾರ್ಸ್ ಭಾಷೆಯ ‘ಗೆಟಾ’ದಿಂದ.

ಹೆಚ್ಚು ಸಮಯ ಕೊಡಬೇಕಾದದ್ದು ‘ಮಾಡಿಸು’ ಎಂಬ ಅರ್ಥಕ್ಕೆ. ‘ಬೈಕ್ ರಿಪೇರಿ ಮಾಡಿದೆ’ ಮತ್ತು ‘ಬೈಕ್ ರಿಪೇರಿ ಮಾಡಿಸಿದೆ’ ಎಂಬ ಎರಡು ವಾಕ್ಯಗಳ ನಡುವೆ ಇರುವುದು ‘ಇಸು’ ಒಂದೇ. ಮೊದಲನೆಯದರಲ್ಲಿ ಸ್ಪ್ಯಾನರ್ ಹಿಡಿದವನು ನಾನು, ಎರಡನೆಯದರಲ್ಲಿ ಗ್ಯಾರೇಜಿನವನು. ಟರ್ಕಿಶ್‌ನಲ್ಲಿ ರಿಪೇರಿ ಮಾಡುವುದಕ್ಕೆ ‘ತಾಮಿರ್ ಎತ್‌ಮೆಕ್’, ಮಾಡಿಸುವುದಕ್ಕೆ ‘ತಾಮಿರ್ ಎತ್ತಿರ್‌ಮೆಕ್’. ನಾವು ‘ರಿಪೇರಿ’ಯನ್ನು ಇಂಗ್ಲಿಷಿನಿಂದ ತಂದಂತೆ ಅವರು ‘ತಾಮಿರ್’ ಅನ್ನು ಅರಬ್ಬಿಯಿಂದ ತಂದಿದ್ದಾರೆ. ನಮ್ಮ ‘ಇಸು’ ಇರುವ ಜಾಗದಲ್ಲೇ ಅವರ ‘ತಿರ್’ ಇದೆ. ಇಂಗ್ಲಿಷಿಗೆ ಅಂಥ ಪ್ರತ್ಯಯವಿಲ್ಲ, ಹಾಗಾಗಿ ಅದು ‘ಗೆಟ್’ ಅನ್ನು ಕರೆಯುತ್ತದೆ: ‘ಐ ಗಾಟ್ ದ ಬೈಕ್ ರಿಪೇರ್ಡ್’. ಇಲ್ಲಿ ಪದಗಳ ಸ್ಥಾನ ಕೆಟ್ಟರೆ ವಾಕ್ಯವೇ ಕೆಟ್ಟಿತು. ಮಕ್ಕಳು ಸಾಮಾನ್ಯವಾಗಿ ‘ಐ ಗಾಟ್ ರಿಪೇರ್ಡ್ ದ ಬೈಕ್’ ಎಂದು ಬರೆಯುತ್ತಾರೆ, ಕಾರಣ ಕನ್ನಡದಲ್ಲಿ ‘ರಿಪೇರಿ ಮಾಡಿಸಿದೆ’ ಒಂದೇ ಗಂಟು. ಇಂಗ್ಲಿಷಿನಲ್ಲಿ ಆ ಗಂಟನ್ನು ಬಿಚ್ಚಿ ನಡುವೆ ಬೈಕನ್ನು ನಿಲ್ಲಿಸಬೇಕು: ಮೊದಲು ಗಾಟ್, ಆಮೇಲೆ ವಸ್ತು, ಕೊನೆಗೆ ಕ್ರಿಯಾಪದದ ಮೂರನೇ ರೂಪ. ಮಾಡಿದವನ ಹೆಸರನ್ನೂ ಹೇಳಬೇಕಾದರೆ ‘ಟು’ ಸೇರುತ್ತದೆ: ‘ಐ ಗಾಟ್ ಹಿಮ್ ಟು ರಿಪೇರ್ ಇಟ್’. ‘ಮೇಡ್ ಹಿಮ್’ ಎಂದರೆ ‘ಟು’ ಬಾರದು. ಇವೆರಡನ್ನೂ ಅಕ್ಕಪಕ್ಕ ಬರೆಸಿದರೇ ತಲೆಯಲ್ಲಿ ಕೂರುತ್ತದೆ. ಕಟಿಂಗ್ ಮಾಡಿಸಿಕೊಂಡು ಬಂದ ಹುಡುಗ ‘ಐ ಕಟ್ ಮೈ ಹೇರ್’ ಎಂದರೆ ಕತ್ತರಿ ತಾನೇ ಹಿಡಿದಂತೆ ಕೇಳಿಸುತ್ತದೆ. ‘ಐ ಗಾಟ್ ಮೈ ಹೇರ್ ಕಟ್’ ಎಂದಾಗ ‘ಮಾಡಿಸಿಕೊಂಡೆ’ ಎಂಬ ಅರ್ಥ ಬರುತ್ತದೆ.

ಪೆಟ್ಟಿನ ವಿಷಯವೂ ಹೀಗೆಯೇ. ‘ಹೀ ಗಾಟ್ ಬೀಟನ್’ ಎಂದರೆ ಪೆಟ್ಟು ತಿಂದ. ಟರ್ಕಿಯವರೂ ಪೆಟ್ಟು ತಿನ್ನುತ್ತಾರೆ: ‘ದಾಯಾಕ್ ಯೆಮೆಕ್’, ಯೆಮೆಕ್ ಎಂದರೆ ತಿನ್ನುವುದು. ಲಂಚ ತಿನ್ನುವುದಕ್ಕೂ ಅವರಲ್ಲಿ ಅದೇ ಕ್ರಿಯಾಪದ, ‘ರುಷ್ವೆತ್ ಯೆಮೆಕ್’.

ಊರು ಬಂದರೆ ‘ಗೆಟ್ ಟು’ ಎಂದರೆ ತಲುಪು. ‘ವೀ ಗಾಟ್ ಟು ಕುಮಟಾ’. ಇದೇ ಅರ್ಥದ ‘ರೀಚ್’ಗೆ ಮಾತ್ರ ‘ಟು’ ಬೇಡ, ಹಾಗೆಯೇ ಹೋಮ್, ಹಿಯರ್, ದೇರ್ ಇದ್ದಲ್ಲಿ ‘ಗೆಟ್’ಗೂ ‘ಟು’ ಬೇಡ. ‘ಗಾಟ್ ಟು ಹೋಮ್’ ತಪ್ಪು. ‘ಗಾಟ್ ಟು’ ಕಂಡಲ್ಲೆಲ್ಲ ಅವಸರಪಡದೆ ಮುಂದಿನ ಪದ ನೋಡಬೇಕು, ಯಾಕೆಂದರೆ ಅದಕ್ಕೆ ಮೂರು ಅರ್ಥಗಳಿವೆ. ‘ವೀ ಗಾಟ್ ಟು ಜೋಗ್’: ಜೋಗಕ್ಕೆ ತಲುಪಿದೆವು. ‘ವೀ ಗಾಟ್ ಟು ಸೀ ಜೋಗ್’: ಜೋಗ ನೋಡೋಕೆ ಸಿಕ್ಕಿತು. ‘ವೀ ಹ್ಯಾವ್ ಗಾಟ್ ಟು ಸೀ ಜೋಗ್’: ಜೋಗ ನೋಡಲೇಬೇಕು. ‘ಹ್ಯಾವ್ ಗಾಟ್’ ನೋಡಲು ‘ಪಡೆದಿದ್ದೇನೆ’ ಎಂಬಂತಿದ್ದರೂ ಅರ್ಥ ಬರೀ ‘ಇದೆ’. ‘ಐ ಹ್ಯಾವ್ ಗಾಟ್ ಟೂ ಬ್ರದರ್ಸ್’ ಎಂದರೆ ನನಗೆ ಇಬ್ಬರು ಅಣ್ಣತಮ್ಮಂದಿರಿದ್ದಾರೆ. ಟರ್ಕಿಶ್‌ನಲ್ಲೂ ಇಂಥಲ್ಲಿ ಪಡೆಯುವ ಮಾತಿಲ್ಲ. ‘ವಾರ್’ ಎಂದರೆ ಇದೆ, ‘ಯೋಕ್’ ಎಂದರೆ ಇಲ್ಲ, ಅಷ್ಟೇ.

ವಾಹನದ ಮಾತಿಗೆ ಬಂದರೆ ಕನ್ನಡಕ್ಕೆ ಎರಡೇ ಪದ ಸಾಕು, ಹತ್ತು ಮತ್ತು ಇಳಿ. ಟರ್ಕಿಶ್‌ಗೂ ಎರಡೇ, ‘ಬಿನ್‌ಮೆಕ್’ ಮತ್ತು ‘ಇನ್‌ಮೆಕ್’. ಇಂಗ್ಲಿಷಿನಲ್ಲಿ ‘ಗೆಟ್’ ಒಂದೇ, ಅದರ ಮುಂದೆ ಬರುವ ಸಣ್ಣ ಪದ ಬದಲಾಗುತ್ತದೆ. ಒಳಗೆ ಎದ್ದು ನಿಂತು ಓಡಾಡಬಹುದಾದ ಬಸ್ಸು, ರೈಲು, ಹಡಗಿಗೆ ‘ಗೆಟ್ ಆನ್’, ‘ಗೆಟ್ ಆಫ್’. ತಲೆ ಬಗ್ಗಿಸಿ ಒಳಗೆ ಕೂರುವ ಕಾರು, ರಿಕ್ಷಾ, ಸಣ್ಣ ದೋಣಿಗೆ ‘ಗೆಟ್ ಇಂಟು’, ‘ಗೆಟ್ ಔಟ್ ಆಫ್’. ತದಡಿಯಲ್ಲಿ ಸಣ್ಣ ದೋಣಿ ಹತ್ತುವುದು ‘ಗೆಟ್ ಇಂಟು’, ಕಾರವಾರ ಬಂದರಿನಲ್ಲಿ ಹಡಗು ಹತ್ತುವುದು ‘ಗೆಟ್ ಆನ್’. ‘ಗೆಟ್ ಔಟ್’ ನಮ್ಮ ಮಕ್ಕಳಿಗೆ ಬೈಗುಳವಾಗಿಯೇ ಪರಿಚಯ, ರಿಕ್ಷಾದಿಂದ ಇಳಿಯುವುದಕ್ಕೂ ಅದೇ ಎಂದು ಒಮ್ಮೆ ಹೇಳಿದರೆ ಆ ಅಂಜಿಕೆ ಹೋಗುತ್ತದೆ. ‘ಗೆಟ್ ಡೌನ್ ಫ್ರಮ್ ದ ಬಸ್’ ಎಂಬುದು ‘ಬಸ್ಸಿನಿಂದ ಕೆಳಗೆ ಇಳಿ’ ಎಂಬುದರ ನೇರ ಅನುವಾದ. ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಪುಸ್ತಕದ ಇಂಗ್ಲಿಷಿನಲ್ಲಿ ಮಾತ್ರ ‘ಗೆಟ್ ಆಫ್ ದ ಬಸ್’.

ಕಾರವಾರ, ಅಂಕೋಲಾ ಕಡೆ ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳಿಗೆ ಇನ್ನೊಂದು ತೊಡಕಿದೆ. ಕೊಂಕಣಿಯ ‘ಮೆಳ್’ ಎಂದರೆ ವಸ್ತು ಸಿಗುವುದೂ ಹೌದು, ಜನ ಭೇಟಿಯಾಗುವುದೂ ಹೌದು. ಕನ್ನಡದ ‘ಸಿಗು’ವೂ ಹಾಗೆಯೇ: ಪೇಟೆಯಲ್ಲಿ ಬಂಗಡೆ ಸಿಕ್ಕಿತು, ಪೇಟೆಯಲ್ಲಿ ಮಾವ ಸಿಕ್ಕ. ಎರಡಕ್ಕೂ ‘ಗಾಟ್’ ಹಾಕಿದರೆ ಮಾವನನ್ನೂ ಚೀಲಕ್ಕೆ ತುಂಬಿದಂತಾಗುತ್ತದೆ. ಬಂಗಡೆಗೆ ‘ಗಾಟ್’, ಮಾವನಿಗೆ ‘ಮೆಟ್’. ವಸ್ತು ಸಿಗುವ ಅರ್ಥದಲ್ಲಿ ವಾಕ್ಯದ ತಲೆ ತಿರುಗುವುದನ್ನೂ ತೋರಿಸಬೇಕು. ‘ನನಗೆ ಕಾಗದ ಬಂತು’ ಎನ್ನುವಾಗ ಕನ್ನಡದಲ್ಲಿ ಕರ್ತೃ ಕಾಗದ. ‘ಐ ಗಾಟ್ ಎ ಲೆಟರ್’ನಲ್ಲಿ ಕರ್ತೃ ನಾನು. ‘ನನಗೆ’ ಇದ್ದಲ್ಲಿ ‘ಟು ಮೀ’ ಎಂದು ಬರೆಯುವ ಚಾಳಿ ಬರುವುದು ಇಲ್ಲಿಂದಲೇ. ಪರೀಕ್ಷೆಯ ಪತ್ರಲೇಖನದಲ್ಲಿ ಮಾತ್ರ ‘ಗಾಟ್’ಗಿಂತ ‘ರಿಸೀವ್ಡ್’ ಒಪ್ಪುತ್ತದೆ. ‘ಗೆಟ್’ ಆಡುಮಾತಿನ ಪದ, ಅರ್ಜಿಯಲ್ಲಿ ಆದಷ್ಟು ಕಡಿಮೆ ಇರಲಿ.

ಯಾವ ಅರ್ಥ ಮೊದಲು, ಯಾವುದು ಆಮೇಲೆ ಎಂಬ ಪ್ರಶ್ನೆ ಹೊಸತಲ್ಲ. ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಕೆಲಸ ಮಾಡಿದ್ದ ಮೈಕಲ್ ವೆಸ್ಟ್ 1953ರಲ್ಲಿ ಸುಮಾರು 2000 ಇಂಗ್ಲಿಷ್ ಪದಗಳ ಪಟ್ಟಿ ಪ್ರಕಟಿಸಿದರು. ಯಾವ ಅರ್ಥ ಶೇಕಡಾ ಎಷ್ಟು ಸಲ ಬರುತ್ತದೆ ಎಂದು ಅದರಲ್ಲಿ ಲೆಕ್ಕ ಕೊಟ್ಟಿದ್ದಾರೆ. ಬಂಗಾಳದ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ ಅನುಭವ ಅದರ ಬೆನ್ನಿಗಿತ್ತು. ಅಂಥ ಲೆಕ್ಕ ಕಣ್ಣೆದುರಿಗಿದ್ದೂ ನಾವು ಒಂದು ಪದಕ್ಕೆ ಒಂದೇ ಅರ್ಥ ಬರೆಸುತ್ತಿದ್ದೇವೆ ಎಂಬುದು ಬೇಸರದ ಸಂಗತಿ.

ತರಗತಿಯಲ್ಲಿ ಮಾಡಬೇಕಾದದ್ದು ಕಷ್ಟದ್ದಲ್ಲ. ‘ಗೆಟ್’ಗೆಂದು ನೋಟ್‌ಬುಕ್ಕಿನ ಎರಡು ಪುಟ ಬಿಡಿಸಿ. ಐದು ಮನೆ ಹಾಕಿಸಿ: ಸಿಗು ಅಥವಾ ಬರು, ಆಗು, ತಲುಪು, ಮಾಡಿಸು, ಹತ್ತು ಮತ್ತು ಇಳಿ. ದಿನಕ್ಕೆ ಒಂದೇ ಮನೆ, ಆರು ವಾಕ್ಯ, ಹದಿನೈದು ನಿಮಿಷ. ವಾಕ್ಯಗಳನ್ನು ಪಾಠದಿಂದಲೇ ಹೆಕ್ಕಿಸಿ. ಆರನೇ ದಿನ ಮೂವತ್ತನ್ನೂ ಕಲಸಿ ಕೊಟ್ಟು, ಯಾವುದು ಯಾವ ಮನೆಗೆ ಎಂದು ಹಾಕಿಸಿ. ಅಲ್ಲಿ ತಪ್ಪಿದ ವಾಕ್ಯಗಳನ್ನಷ್ಟೇ ಮತ್ತೆ ಹೇಳಿಕೊಟ್ಟರೆ ಸಾಕು. ಐದನ್ನೂ ಒಂದೇ ದಿನ ತುರುಕಿದರೆ ಮಕ್ಕಳು ಮತ್ತೆ ‘ಪಡೆ’ಯ ಹತ್ತಿರವೇ ಓಡುತ್ತಾರೆ. ಮೊಬೈಲಿನಲ್ಲಿ ಅರ್ಥ ನೋಡುವವರು ಬಿಡಿ ಪದ ಹಾಕದೆ ಇಡೀ ವಾಕ್ಯ ಹಾಕಲಿ. ಶಬ್ದಕೋಶ ತೆರೆದವರು ಮೊದಲನೆಯ ಅರ್ಥಕ್ಕೆ ನಿಲ್ಲದೆ ಉದಾಹರಣೆಗಳನ್ನು ಓದಿ, ತಮ್ಮ ವಾಕ್ಯವನ್ನು ಹೋಲುವುದನ್ನು ಹುಡುಕಲಿ.

ಕಾರವಾರ ಮತ್ತು ಶಿರಸಿ, ಎರಡೂ ಶೈಕ್ಷಣಿಕ ಜಿಲ್ಲೆಗಳ ಅಧಿಕಾರಿಗಳಲ್ಲಿ, ನೋಟ್ಸು ಅಚ್ಚು ಹಾಕಿಸುವವರಲ್ಲಿ ನಮ್ಮ ಕೋರಿಕೆ ಒಂದೇ. ಶಬ್ದಾರ್ಥದ ಪಟ್ಟಿಯಲ್ಲಿ ಕ್ರಿಯಾಪದವನ್ನು ಒಂಟಿಯಾಗಿ ಅಚ್ಚು ಹಾಕಬೇಡಿ. ಪಾಠದಲ್ಲಿ ಅದು ಯಾವ ಪದದ ಜೊತೆ ಬಂದಿದೆಯೋ ಆ ಜೋಡಿಯನ್ನೇ ಕೊಡಿ: ‘ಗಾಟ್ ವೆಟ್ – ಒದ್ದೆಯಾದ’, ‘ಗಾಟ್ ಹೋಮ್ – ಮನೆ ತಲುಪಿದ’. ಒಂದು ಸಾಲಿಗೆ ಎರಡು ಪದ ಹೆಚ್ಚಾದೀತು, ಪುಟ ಹೆಚ್ಚಾಗದು.

ನಿಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ವಾರಕ್ಕೊಂದು ಕ್ರಿಯಾಪದಕ್ಕೆ ಅರ್ಧ ಕಾಲಂ ಜಾಗ ಕೊಟ್ಟರೆ ನಾವು ಬರೆದು ಕಳಿಸಲು ಸಿದ್ಧರಿದ್ದೇವೆ. ‘ಗೆಟ್’ ಆದಮೇಲೆ ‘ಟೇಕ್’ ಬರಲಿ. ಮಾತ್ರೆ ತಗೊಳ್ಳುವುದು, ಫೋಟೋ ತೆಗೆಯುವುದು, ಘಟ್ಟ ಇಳಿಯಲು ಇಷ್ಟು ತಾಸು ಹಿಡಿಯುತ್ತದೆ ಎನ್ನುವುದು, ಮೂರೂ ಆ ಒಂದು ಪದದಲ್ಲಿವೆ. ಅದರ ಹಿಂದೆ ‘ಪುಟ್’, ‘ರನ್’, ‘ಸೆಟ್’ ಸಾಲಾಗಿ ಕಾಯುತ್ತಿವೆ.

ಇಂತಿ,
ಶಿರಸಿ, ಕುಮಟಾ, ಕಾರವಾರದ ಕೆಲವು ಇಂಗ್ಲಿಷ್ ಶಿಕ್ಷಕರು