ಉಪ್ಪಾಗೆಗೆ ಮೂರು ವರ್ಷದ ಪ್ರೋತ್ಸಾಹಧನ ಸಾಲದು

ಮಾನ್ಯ ಸಂಪಾದಕರೆ,

ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಡಿ ರೈತರಿಗೆ ರಿಯಾಯಿತಿ ದರದಲ್ಲಿ ಸಸಿಗಳು ಸಿಗುತ್ತವೆ. ನೆಟ್ಟ ಸಸಿ ಬದುಕಿದ್ದರೆ ಮೂರು ವರ್ಷ ಪ್ರೋತ್ಸಾಹಧನವೂ ಬರುತ್ತದೆ. ಗಿಡ ಉಳಿಸಿದವರಿಗೆ ಹಣ ಕೊಡುವ ಈ ಕ್ರಮ ಮೆಚ್ಚತಕ್ಕದ್ದೇ. ಆದರೆ ಹಣ್ಣಿನ ಸಿಪ್ಪೆಯನ್ನು ಒಣಗಿಸಿ ಹುಳಿಗೆ ಬಳಸುವ ಉತ್ತರ ಕನ್ನಡದ ಉಪ್ಪಾಗೆ, ಮುರುಗಲುಗಳಂಥ ಮರಗಳಿಗೆ ಮೂರು ವರ್ಷ ಯಾವ ಲೆಕ್ಕ?

ಈ ಎರಡರಲ್ಲೂ ಗಂಡು, ಹೆಣ್ಣು ಬೇರೆ ಬೇರೆ ಮರಗಳು. ಬೀಜದಿಂದ ಎಬ್ಬಿಸಿದ ಗಿಡ ಯಾವುದೆಂಬುದು ಹೂ ಬಿಟ್ಟ ಮೇಲಷ್ಟೇ ತಿಳಿಯುವುದರಿಂದ, ಏಳೆಂಟು ವರ್ಷ ಆರೈಕೆ ಮಾಡಿದ ರೈತನಿಗೆ ಕೊನೆಗೆ ಕಾಯಿ ಕಚ್ಚದ ಗಂಡು ಮರ ಸಿಕ್ಕರೂ ಸಿಕ್ಕೀತು. ಹೀಗಿರುವಾಗ ಆತ ಬೇಗ ಬೆಳೆಯುವ, ಕಡಿಯಲು ಪರವಾನಗಿಯೂ ಬೇಡದ ಸಿಲ್ವರ್ ಓಕ್ ಕಡೆಗೆ ಹೊರಳಿದರೆ ದೂರುವಂತಿಲ್ಲ. ಚೆನ್ನಾಗಿ ಫಲ ಕೊಡುವ ಹೆಣ್ಣು ಮರದ ಕುಡಿಯಿಂದ ಕಸಿ ಕಟ್ಟಿದ ಗಿಡಗಳಲ್ಲಿ ಈ ಅನಿಶ್ಚಿತತೆ ಇಲ್ಲ, ಫಲವೂ ಬೇಗ. (ಪರಾಗಕ್ಕೆ ಅಲ್ಲೊಂದು ಇಲ್ಲೊಂದು ಗಂಡು ಮರ ಬೇಕೆಂಬುದು ನಿಜ; ಕಾಡಂಚಿನಲ್ಲಿ ಅದಕ್ಕೇನೂ ಬರವಿಲ್ಲ.)

ಕಾಡಿನ ಉಪ್ಪಾಗೆ ಮೊದಲು ಹೋದವರ ಪಾಲು. ಹಾಗಾಗಿ ಹಣ್ಣಾಗುವ ಮೊದಲೇ ಕಾಯಿ ಉದುರಿಸುವುದು, ಕೊಂಬೆಯನ್ನೇ ಕಡಿಯುವುದು ನಡೆಯುತ್ತದೆ. ಬಲಿಯದ ಬೀಜದಿಂದ ಹೊಸ ಸಸಿಯೂ ಹುಟ್ಟುವುದಿಲ್ಲ. ಸುಗ್ಗಿ ಬರುವುದು ಮಳೆಗಾಲದಲ್ಲಿಯೇ ಆದ್ದರಿಂದ ಸಿಪ್ಪೆಯನ್ನು ಬೆಂಕಿಯಲ್ಲಿ ಒಣಗಿಸಬೇಕಾಗಿ, ಅದರ ಉರುವಲೂ ಅದೇ ಕಾಡಿನಿಂದ ಬರುತ್ತದೆ. ಮರ ನಮ್ಮದೇ ತೋಟದಂಚಿನಲ್ಲಿ, ಬೇಣದಲ್ಲಿ (ಹುಲ್ಲುಗಾವಲಿನಲ್ಲಿ) ಇದ್ದರೆ ಹಣ್ಣಾಗುವವರೆಗೆ ಕಾಯುವ ತಾಳ್ಮೆ ತಾನಾಗಿ ಬರುತ್ತದೆ. ಬಲಿತ ಬೀಜದಿಂದ ಉಪ್ಪಾಗೆ ತುಪ್ಪ (ಬೀಜದ ಕೊಬ್ಬು) ತೆಗೆಯುವ ಹಳೆಯ ಕಸುಬಿಗೂ ಅದರಿಂದ ಜೀವ ಬಂದೀತು.

ಆದ್ದರಿಂದ ಪ್ರೋತ್ಸಾಹಧನವನ್ನು ಸ್ಥಳೀಯ ಜಾತಿಗಳಿಗೆ ಮಾತ್ರವಾದರೂ ಫಲ ಬರುವ ಕಾಲದವರೆಗೆ ವಿಸ್ತರಿಸಬೇಕು. ಗ್ರಾಮ ಅರಣ್ಯ ಸಮಿತಿಗಳ ಮೂಲಕ ಊರಿನ ತಾಯಿಮರಗಳನ್ನು ಗುರುತಿಸಿ, ಕಸಿ ಗಿಡ ತಯಾರಿಸುವ ಕೆಲಸವನ್ನು ಮಹಿಳಾ ಸ್ವಸಹಾಯ ಸಂಘಗಳಿಗೆ ಕೂಲಿ ಕೊಟ್ಟು ವಹಿಸಬಹುದು. ಕಸಿ ಕಲಿಸಲು ಶಿರಸಿಯಲ್ಲಿಯೇ ಅರಣ್ಯ ಮಹಾವಿದ್ಯಾಲಯವಿದೆ. ಕಡಿಮೆ ಉರುವಲಿನಲ್ಲಿ ಸಿಪ್ಪೆ ಒಣಗಿಸುವ ಒಲೆಯೊಂದನ್ನು ಪ್ರತಿ ಸಮಿತಿಗೂ ಒದಗಿಸಿದರೆ ಇನ್ನೂ ಒಳ್ಳೆಯದು. ಕಸಿಗೆ ಬೇಕಾದ ಬೇರುಸಸಿಗಳನ್ನು (ಕುಡಿ ಕಟ್ಟುವ ಬುಡದ ಗಿಡಗಳನ್ನು) ಮೊದಲೇ ಬೆಳೆಸಿಟ್ಟಿರಬೇಕಾಗುವುದರಿಂದ, ಮುಂದಿನ ಮಳೆಗಾಲದ ವಿತರಣೆಯ ತೀರ್ಮಾನ ಈ ವರ್ಷವೇ ಆಗಬೇಕು.

– ಓರ್ವ ಕೃಷಿಕ, ಸಿದ್ದಾಪುರ (ಉ.ಕ.)