ಪಾಸ್‌ಪೋರ್ಟ್ ನೋಡುವವರು, ಮುಖ ನೋಡುವವರು

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದಕ್ಕೆ ಅವಸರದಲ್ಲಿ ಏನೋ ಒಂದು ಹೇಳಿ ಮುಗಿಸುವುದು ಬೇಡ ಅಂತ ಈ ಪತ್ರ. ಈ ಜರ್ಮನಿಯಲ್ಲಿ ಸಿಕ್ಕವರೆಲ್ಲ ಯಾವ ದೇಶ ಅಂತ ಕೇಳುತ್ತಾರೆ, ಇಂಡಿಯಾ ಅಂದ ತಕ್ಷಣ ಮಾತಿನ ಧಾಟಿಯೇ ಬದಲಾಗುತ್ತದೆ, ಆಮೇಲೆ ನನ್ನ ಹೆಸರು ಕೂಡ ಅವರಿಗೆ ನೆನಪಿರುವುದಿಲ್ಲ ಅಂದೆಯಲ್ಲ.

ಬದಲಾಗುತ್ತದೆ, ನಿಜ. ಆದರೆ ಅದು ನಿನ್ನನ್ನು ನೋಡಿ ಅಲ್ಲ. ಇಂಡಿಯಾ ಅಂದರೆ ಹೀಗೆ ಅಂತ ಅವರ ತಲೆಯಲ್ಲಿ ಮೊದಲೇ ಏನೋ ಕೂತಿರುತ್ತದೆ. ಒಬ್ಬನಿಗೆ ಶಾರುಖ್ ಖಾನ್, ಇನ್ನೊಬ್ಬನಿಗೆ ತನ್ನ ಕೆಲಸ ಕಿತ್ತುಕೊಂಡ ಐಟಿ ಹುಡುಗರು, ಮತ್ತೊಬ್ಬನಿಗೆ ಟಿವಿಯಲ್ಲಿ ನೋಡಿದ ಬಡತನ. ಹಳೇ ಸೋವಿಯತ್ ಒಕ್ಕೂಟದ ಕಡೆಯ ವಯಸ್ಸಾದವರು ಸಿಕ್ಕರೆ ಈಗಲೂ ರಾಜ್ ಕಪೂರ್ ಅಂತ ಮುಖ ಅರಳಿಸುತ್ತಾರೆ. ಆ ಖುಷಿಗೂ ನೀನು ಕಾರಣ ಅಲ್ಲ, ಇನ್ನೊಬ್ಬನ ಸಿಡುಕಿಗೂ ಅಲ್ಲ.

ನಾನು ಗಲ್ಫ್‌ನಲ್ಲಿ ನರ್ಸ್ ಆಗಿದ್ದಾಗ ನೀನಿನ್ನೂ ಹುಟ್ಟಿರಲಿಲ್ಲ. ಅಲ್ಲಿ ಇಂಡಿಯಾದ ನರ್ಸ್ ಅಂದರೆ ಕೇರಳದವಳೇ ಅಂತ ಎಲ್ಲರ ಲೆಕ್ಕ. ಅಲ್ಲ, ನಾನು ಕರ್ನಾಟಕದವಳು ಅಂದರೆ, ಅದು ಕೇರಳದಲ್ಲಿ ಎಲ್ಲಿ ಬರುತ್ತೆ ಅಂತ ಒಬ್ಬರು ಕೇಳಿದ್ದರು! ಅದು ಬಿಡು, ನಗು ಬರುವ ವಿಷಯ. ನಗು ಬಾರದ್ದು ಇನ್ನೊಂದಿತ್ತು. ನಮ್ಮ ವಾರ್ಡಿನಲ್ಲಿ ಒಬ್ಬಳಿದ್ದಳು, ಅಪ್ಪ ಅಮ್ಮ ಪಂಜಾಬಿನವರು, ಅವಳು ಹುಟ್ಟಿ ಬೆಳೆದದ್ದು ಲಂಡನ್ನಿನಲ್ಲಿ. ಅದೇ ವಾರ್ಡು, ಅದೇ ರಾತ್ರಿ ಪಾಳಿ, ಅದೇ ಡ್ರಿಪ್ ಹಾಕುವ ಕೆಲಸ. ಬ್ರಿಟಿಷ್ ಪಾಸ್‌ಪೋರ್ಟ್ ಅಂತ ಅವಳಿಗೆ ಸಂಬಳ ನಮಗಿಂತ ಎಷ್ಟೋ ಜಾಸ್ತಿ. ಆದರೆ ರೋಗಿಯ ಮನೆಯವರು ಏನಾದರೂ ಮುಖ್ಯವಾದದ್ದು ಕೇಳಬೇಕಾದರೆ ನಮ್ಮಿಬ್ಬರನ್ನೂ ದಾಟಿಕೊಂಡು ಹೋಗಿ, ಆಚೆ ನಿಂತಿದ್ದ, ಕೆಲಸಕ್ಕೆ ಸೇರಿ ಇನ್ನೂ ವಾರವಾಗದ ಬಿಳಿ ನರ್ಸನ್ನು ಕೇಳುತ್ತಿದ್ದರು. ಸಂಬಳ ಕೊಡುವವರು ಪಾಸ್‌ಪೋರ್ಟ್ ನೋಡಿದರು, ಬಂದವರು ಮುಖ ನೋಡಿದರು.

ಹಾಗಾಗಿ ಪಾಸ್‌ಪೋರ್ಟ್ ಬದಲಾಯಿಸಿಕೊಂಡರೆ ಎಲ್ಲ ಸರಿಹೋಗುತ್ತದೆ ಅಂತ ನಿನ್ನ ಗೆಳತಿ ಹೇಳಿದ್ದು ಅರ್ಧ ನಿಜ ಅಷ್ಟೇ. ವೀಸಾ ಕ್ಯೂ ತಪ್ಪುತ್ತದೆ. 2024ರಿಂದ ಜರ್ಮನಿ ಎರಡು ಪೌರತ್ವ ಒಪ್ಪುತ್ತದೆ, ಆದರೆ ನಮ್ಮ ದೇಶ ಒಪ್ಪುವುದಿಲ್ಲ. ಅಲ್ಲಿಯದು ತಗೊಂಡರೆ ಇಲ್ಲಿಯದು ಹೋಯಿತು. ಬೇರೆ ದೇಶದ ಪೌರತ್ವ ತಗೊಂಡ ಭಾರತೀಯ ಮೂಲದವರಿಗೆ ಕೊಡುವ ಓಸಿಐ ಕಾರ್ಡಿನಲ್ಲಿ ಬಂದು ಹೋಗಬಹುದು, ಓಟು ಹಾಕುವ ಹಾಗಿಲ್ಲ. ಇಷ್ಟೆಲ್ಲ ಮಾಡಿಕೊಂಡರೂ ಪ್ರಶ್ನೆ ನಿಲ್ಲುತ್ತದಾ? 2022ರ ನವೆಂಬರಿನಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಸಮಾರಂಭಕ್ಕೆ ಹೋಗಿದ್ದ ಎನ್ಗೋಝಿ ಫುಲಾನಿ ಬ್ರಿಟನ್ನಿನಲ್ಲೇ ಹುಟ್ಟಿದ ಕಪ್ಪು ಮಹಿಳೆ. ರಾಣಿಯ ಜೊತೆ ದಶಕಗಟ್ಟಲೆ ಇದ್ದ ಹಿರಿಯರೊಬ್ಬರು ಅವರನ್ನು, ನೀವು ನಿಜವಾಗಿ ಎಲ್ಲಿಯವರು ಅಂತ ಬಿಡದೆ ಕೇಳಿದರು. ಆಮೇಲೆ ಕ್ಷಮೆ ಕೇಳಿ ಹುದ್ದೆ ಬಿಟ್ಟರು.

ಮಾತಿಗೇ ನಿಂತರೆ ಪುಣ್ಯ. 1982ರಲ್ಲಿ ಅಮೆರಿಕದ ಡೆಟ್ರಾಯಿಟ್ ಹತ್ತಿರ, ಜಪಾನಿ ಕಾರುಗಳಿಂದ ಕೆಲಸ ಹೋಗುತ್ತಿದೆ ಅನ್ನುವ ಸಿಟ್ಟನ್ನು ವಿನ್ಸೆಂಟ್ ಚಿನ್ ಅನ್ನುವವನ ಮೇಲೆ ತೀರಿಸಿಕೊಂಡು, ಹೊಡೆದು ಕೊಂದರು. ಅವನು ಚೀನೀ ಮೂಲದವನು. 2017ರಲ್ಲಿ ಕಾನ್ಸಾಸ್‌ನಲ್ಲಿ ಶ್ರೀನಿವಾಸ್ ಕುಚಿಭೊಟ್ಲ ಅವರನ್ನು ಗುಂಡಿಟ್ಟು ಕೊಂದವನು ಅವರನ್ನು ಇರಾನಿನವರು ಅಂದುಕೊಂಡಿದ್ದ. ನಾವೇನು ಸಾಚಾ ಅಲ್ಲ ಬಿಡು. 2016ರಲ್ಲಿ ಬೆಂಗಳೂರಿನಲ್ಲಿ ಸುಡಾನಿನವನೊಬ್ಬನ ಕಾರು ಹೆಂಗಸೊಬ್ಬಳ ಮೇಲೆ ಹರಿಯಿತು ಅಂತ, ಆಮೇಲೆ ಆ ದಾರಿಯಲ್ಲಿ ಬಂದ ಟಾಂಜಾನಿಯಾದ ಹುಡುಗಿಯನ್ನು ಗುಂಪು ಹಿಡಿದು ಹೊಡೆಯಿತು. ಅವಳಿಗೂ ಆ ಕಾರಿಗೂ ಸಂಬಂಧವೇ ಇರಲಿಲ್ಲ.

ಅದಕ್ಕೇ, ರಾತ್ರಿ ಹೊತ್ತು ಕುಡಿದವನು ಯಾವ ದೇಶ ಅಂದರೆ ಉತ್ತರ ಕೊಡುತ್ತಾ ನಿಲ್ಲಬೇಡ, ಜನ ಇರುವ ಕಡೆ ನಡೆ. ನೆಟ್ಟಗೆ ಕೇಳಿದವರಿಗೆ ನೆಟ್ಟಗೆ ಹೇಳು. ಅಮೆರಿಕದ ಕೆಲವರು ಬೇರೆ ದೇಶ ಸುತ್ತುವಾಗ ಬೈಸಿಕೊಳ್ಳುವುದು ಬೇಡ ಅಂತ ಬ್ಯಾಗಿಗೆ ಕೆನಡಾ ಬಾವುಟ ಹಚ್ಚಿಕೊಳ್ಳುತ್ತಾರಂತೆ. ಸುಮ್ನೆ ತಲೆನೋವು, ನಾಳೆ ನಿಜವಾದ ಕೆನಡಾದವನು ಸಿಕ್ಕರೆ ಏನು ಮಾಡುತ್ತಾರೋ. ಹಾಗಂತ ಇಡೀ ದೇಶದ ವಕಾಲತ್ತೂ ನಿನಗೆ ಬೇಡ. ಜಾತಿ, ಚುನಾವಣೆ, ಅತ್ಯಾಚಾರದ ಸುದ್ದಿ ಎಲ್ಲಕ್ಕೂ ನಿನ್ನನ್ನೇ ಕಟಕಟೆಯಲ್ಲಿ ನಿಲ್ಲಿಸಿದರೆ, ನನಗೂ ಅದರ ಬಗ್ಗೆ ಬೇಜಾರಿದೆ ಅನ್ನು, ಇಲ್ಲವೇ ಗೊತ್ತಿಲ್ಲ ಅನ್ನು. ನೀನು ಅಲ್ಲಿಗೆ ಹೋಗಿರುವುದು ಓದುವುದಕ್ಕೆ ಅಲ್ವಾ?

ಆದರೆ ರೂಮಿನ ವಿಷಯ ಹಾಗೆ ಬಿಡಬೇಡ. ನಿನ್ನ ಹೆಸರು ಕೇಳಿದ ಮೇಲೆ ಖಾಲಿಯಿಲ್ಲ ಅಂದವನ ಜಾಹೀರಾತು ಇನ್ನೂ ಹಾಗೇ ಇದೆ ಅಂದೆಯಲ್ಲ, ಅದರ ಸ್ಕ್ರೀನ್‌ಶಾಟ್, ಅವನ ಮೆಸೇಜು, ತಾರೀಖು ಎಲ್ಲ ಎತ್ತಿಟ್ಟುಕೋ. ಮೂಲ ನೋಡಿ ಬಾಡಿಗೆಗೆ ಕೊಡದಿರುವುದರ ವಿರುದ್ಧ ಜರ್ಮನಿಯಲ್ಲಿ 2006ರಿಂದ ಕಾನೂನಿದೆ, ತಾರತಮ್ಯ ವಿರೋಧಿ ಕಚೇರಿಯವರು ದುಡ್ಡಿಲ್ಲದೆ ಸಲಹೆ ಕೊಡುತ್ತಾರೆ. ದೂರು ಕೊಡಲು ಗಡುವಿರುತ್ತದೆ, ಪರೀಕ್ಷೆ ಮುಗಿಯಲಿ ಅಂತ ಕೂರಬೇಡ. ಈ ವಾರವೇ ಬರೆದು ಕೇಳು, ಅವರು ಏನಂದರು ಅಂತ ನನಗೆ ತಿಳಿಸು.

ಇಂತಿ ನಿನ್ನ
ಅಮ್ಮ